ಪಿಕ್ಯೂಸಿನಾ, ಕ್ಯೂಕೆಡಿನಾ, ಇಲ್ಲ ಸುಮ್ನೆ ಕಾಯೋದಾ?

ಈಗಿನ ಎನ್‌ಕ್ರಿಪ್ಷನ್ (ಡೇಟಾಗೆ ಹಾಕೋ ಬೀಗ) ಮುರಿಯೋ ಕ್ವಾಂಟಮ್ ಕಂಪ್ಯೂಟರ್ ಬರತ್ತೆ ಅಂತ ಈಗ್ಲೇ ಖರ್ಚು ಮಾಡ್ಬೇಕಾ ಅಂತ ಕೇಳಿದ್ರಲ್ಲ. ದಾರಿ ಮೂರು: ಪಿಕ್ಯೂಸಿ (ಕ್ವಾಂಟಮ್ ಕಂಪ್ಯೂಟರ್‌ಗೂ ಬಗ್ಗಬಾರ್ದು ಅಂತ ಮಾಡಿರೋ ಹೊಸ ಗಣಿತದ ಎನ್‌ಕ್ರಿಪ್ಷನ್), ಕ್ಯೂಕೆಡಿ (ಬೆಳಕಿನ ಕಣಗಳಲ್ಲಿ ಗುಟ್ಟಿನ ಕೀ ಹಂಚ್ಕೊಳೋದು), ಇಲ್ಲ ಸುಮ್ನೆ ಕಾಯೋದು. ಆರ್‌ಎಸ್‌ಎ (ಈಗ ತುಂಬಾ ಕಡೆ ಬಳಸೋ ಎನ್‌ಕ್ರಿಪ್ಷನ್) ಮುರಿಯೋ ಮಷೀನ್ ಇವತ್ತು ಯಾರತ್ರನಾದ್ರೂ ಇದೆ ಅನ್ನೋಕೆ ಪುರಾವೆ ಇಲ್ಲ, ಮಾರ್ಕೆಟಿಂಗ್‌ನೋರು ಹೆದರ್ಸೋದೇ ಜಾಸ್ತಿ.

ಖರ್ಚು ನೋಡಿದ್ರೆ ಕಾಯೋದು ಫ್ರೀ, ಆದ್ರೆ ಇವತ್ತು ಕದ್ದಿಟ್ಕೊಂಡ ಡೇಟಾನ ಮುಂದೆ ಯಾವತ್ತೋ ಬಿಚ್ಚಬಹುದು, ಅಸಲಿ ರಿಸ್ಕ್ ಇರೋದು ಅಲ್ಲೇ. ಪಿಕ್ಯೂಸಿ ಅಂದ್ರೆ ಬರೀ ಸಾಫ್ಟ್‌ವೇರ್, 2024ರ ಆಗಸ್ಟ್‌ನಲ್ಲಿ ನಿಸ್ಟ್ (ಅಮೆರಿಕದ ಮಾನಕ ಸಂಸ್ಥೆ) ಅದಕ್ಕೆ ಸ್ಟ್ಯಾಂಡರ್ಡ್ ಬಿಟ್ಟಾಯ್ತು, ಸರ್ವರ್‌ಗಳು ಬಳಸೋ ಎನ್‌ಕ್ರಿಪ್ಷನ್ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಲ್ 3.5ರಲ್ಲೇ ಎಂಎಲ್-ಕೆಇಎಂ (ಕೀ ಹಂಚ್ಕೊಳೋ ಪಿಕ್ಯೂಸಿ ವಿಧಾನ) ಇದೆ. ಕ್ಯೂಕೆಡಿಗೆ ಬೇರೆ ಹಾರ್ಡ್‌ವೇರ್ ಬೇಕು, ಫೈಬರ್‌ನಲ್ಲಿ ನೂರಾರು ಕಿಲೋಮೀಟರ್ ಹೋಗ್ಬೇಕಂದ್ರೆ ಸಾಮಾನ್ಯವಾಗಿ ನಡುವೆ ನಂಬೋ ಅಂಥ ನೋಡ್ (ಕೀ ತಗೊಂಡು ಮುಂದಕ್ಕೆ ಕಳ್ಸೋ ಕೇಂದ್ರ) ಇಡ್ಬೇಕು, ಆಮೇಲೆ ಆ ಕಡೆ ಇರೋನು ಯಾರು ಅಂತ ಖಾತ್ರಿ ಮಾಡ್ಕೊಳಕ್ಕೆ ಮಾಮೂಲಿ ಕ್ರಿಪ್ಟೋನೇ ಬೇಕು!

ಪಿಕ್ಯೂಸಿಲೂ ತಲೆನೋವಿದೆ: ಈಗ ಬಳಸೋ ಎಕ್ಸ್25519 ಅನ್ನೋ ವಿಧಾನದ ಪಬ್ಲಿಕ್ ಕೀ 32 ಬೈಟ್, ಎಂಎಲ್-ಕೆಇಎಂ-768ದು 1184, ಇಷ್ಟು ದೊಡ್ಡ ಕೀಗೆ ಹಳೇ ಫೈರ್‌ವಾಲ್‌ಗಳು ಎಡವಬಹುದು. ಮೊದ್ಲು ಟೆಸ್ಟ್ ಮಾಡಿ, ಎಕ್ಸ್25519, ಎಂಎಲ್-ಕೆಇಎಂ ಎರಡನ್ನೂ ಸೇರ್ಸಿ ಹೈಬ್ರಿಡ್ ಓಡ್ಸಿ, ಒಂದು ಮುರಿದ್ರೂ ಇನ್ನೊಂದು ಇರತ್ತೆ.

ಆಸ್ಪತ್ರೆ, ಬ್ಯಾಂಕ್ ಥರ ಹತ್ತಿಪ್ಪತ್ತು ವರ್ಷ ಗುಟ್ಟಾಗಿರ್ಬೇಕಾದ ಡೇಟಾ ಇದ್ರೆ ಪಿಕ್ಯೂಸಿ ಈಗ್ಲೇ ಶುರು ಮಾಡಿ. ಎರಡು ಡೇಟಾಸೆಂಟರ್ ಮಧ್ಯ ಸ್ವಂತ ಫೈಬರ್, ಕೈತುಂಬ ಬಜೆಟ್ ಇದ್ರೆ ಕ್ಯೂಕೆಡಿ ಮೇಲಿಂದ ಹಾಕ್ಬಹುದು, ಅದೊಂದನ್ನೇ ನಂಬ್ಕೊಳೋದು ನಂಗಿಷ್ಟ ಇಲ್ಲ. ಸಣ್ಣ ಅಂಗಡಿ ವೆಬ್‌ಸೈಟಾ? ಬ್ರೌಸರ್, ಸರ್ವರ್ ಅಪ್‌ಡೇಟ್ ಮಾಡ್ತಾ ಇರಿ ಸಾಕು.