ಹುಬ್ಬಳ್ಳಿ ಧೂಳಿಗೆ ಯಾವ ವೈರಿಂಗ್ ಸರಿ? ಮೂರು ಥರ ಹಾಕಿ ನೋಡಿದ ಮೇಲೆ

ಕೇಬಲ್ ನೀಟಾಗಿ ಕಟ್ಟಿದರೆ ಪಿಸಿ ತಂಪಾಗಿರುತ್ತದೆ ಅಂತ ಅಂಗಡಿಯವರೆಲ್ಲ ಹೇಳುತ್ತಾರೆ. ನನ್ನ ಪಿಸಿಯಲ್ಲಿ ಕಟ್ಟುವ ಮುಂಚೆ, ಕಟ್ಟಿದ ಮೇಲೆ ಟೆಂಪರೇಚರ್ ನೋಡಿದೆ, ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವೈರು ಫ್ಯಾನಿಗೇ ಅಡ್ಡ ಬಂದಿದ್ದರೆ ಮಾತು ಬೇರೆ. ನಮ್ಮ ಊರಲ್ಲಿ ಕೇಬಲ್ ಕಟ್ಟಬೇಕಾದ್ದು ಧೂಳಿಗೋಸ್ಕರ. ಚೆನ್ನಮ್ಮ ಸರ್ಕಲ್ ಫ್ಲೈಓವರ್ ಕೆಲಸ ಶುರುವಾದ ಮೇಲಂತೂ ಕೇಳಲೇಬೇಡಿ, ಬೇಸಿಗೆ ಮುಗಿಯುವಷ್ಟರಲ್ಲಿ ಕ್ಯಾಬಿನೆಟ್ ಒಳಗೆ ಒಂದು ಪದರ ಮಣ್ಣು ಕೂತಿರುತ್ತದೆ, ಬ್ಲೋವರ್ ಹಿಡಿದರೆ ಮದರ್‌ಬೋರ್ಡ್ ಮೇಲಿನದು ಹಾರಿಹೋಗುತ್ತದೆ, ವೈರಿನ ಗಂಟಿನೊಳಗೆ ಸಿಕ್ಕಿಕೊಂಡದ್ದು ಅಲ್ಲೇ ಉಳಿಯುತ್ತದೆ. ಹಾಗಾಗಿ ನಾನು ನೋಡುವುದು ಒಂದೇ: ಬಿಚ್ಚಿ, ಊದಿ, ವಾಪಸ್ ಹಾಕೋದು ಎಷ್ಟು ಸಲೀಸು?

ಮೊದಲನೆಯದು ಎಲ್ಲ ವೈರೂ ಅಂಟಿಕೊಂಡೇ ಬರುವ ಸಾದಾ ಎಸ್‌ಎಂಪಿಎಸ್, ಅಂದರೆ ಪಿಸಿಗೆ ಪವರ್ ಕೊಡುವ ಪೆಟ್ಟಿಗೆ. ಮದುವೆ ವಿಡಿಯೊ ಎಡಿಟ್ ಮಾಡುವ ನನ್ನ ಪಿಸಿಯಲ್ಲಿ ಬಹಳ ಕಾಲ ಇದೇ ಇತ್ತು. ಬೇಕಾದ್ದು ನಾಲ್ಕು ವೈರು, ಬಂದದ್ದು ಒಂದು ಕಂತೆ. ಉಳಿದದ್ದನ್ನು ಎಲ್ಲಿ ತುರುಕೋದು? ಹಾರ್ಡ್ ಡಿಸ್ಕ್ ಇಡುವ ಜಾಗದಲ್ಲೇ. ಆದರೆ ನಿಜವಾದ ತಲೆನೋವು ಆ ಕಂತೆ ಅಲ್ಲ, ಸಿಪಿಯುಗೆ ಹೋಗುವ 8 ಪಿನ್ ಕೇಬಲ್.

ಅದರ ಸಾಕೆಟ್ ಬೋರ್ಡಿನ ಎಡ ಮೇಲ್ಮೂಲೆಯಲ್ಲಿ ಇರುತ್ತದೆ. ಸುಮ್ನೆ ಅಲ್ಲಿ ಇಟ್ಟಿಲ್ಲ. ಪ್ರೊಸೆಸರ್ 12 ವೋಲ್ಟ್‌ನಲ್ಲಿ 120 ವ್ಯಾಟ್ ಎಳೆದರೆ 10 ಆಂಪಿಯರ್, ಅಷ್ಟು ಕರೆಂಟು ಬೋರ್ಡಿನ ಮೇಲೆ ದೂರ ಓಡಬಾರದು, ಅದಕ್ಕೇ ಪ್ರೊಸೆಸರ್ ಪಕ್ಕದಲ್ಲೇ ಇಟ್ಟಿದ್ದಾರೆ. 1995ರಲ್ಲಿ ಇಂಟೆಲ್ ಬೋರ್ಡು, ಕ್ಯಾಬಿನೆಟ್ಟುಗಳಿಗೆ ಎಟಿಎಕ್ಸ್ ಅನ್ನೋ ವಿನ್ಯಾಸ ತಂದಾಗ ಎಸ್‌ಎಂಪಿಎಸ್ ಮೇಲುಗಡೆ ಕೂರುತ್ತಿತ್ತು. ಈಗಿನ ಕ್ಯಾಬಿನೆಟ್‌ಗಳಲ್ಲಿ ಅದು ಕೆಳಗೆ ಇಳಿದಿದೆ, ಸಾಕೆಟ್ ಮಾತ್ರ ಮೇಲೇ ಇದೆ. ಕೇಬಲ್ ಹಿಂದುಗಡೆಯಿಂದ ಸುತ್ತಿ ಬರಬೇಕು, ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಅಷ್ಟು ಉದ್ದವೇ ಇರಲ್ಲ. ನನ್ನದು ಮುಟ್ಟಲಿಲ್ಲ, ಬೋರ್ಡಿನ ಮೇಲೆ, ಗ್ರಾಫಿಕ್ಸ್ ಕಾರ್ಡಿನ ಹಿಂದಿನಿಂದ ಎಳೆದು ಹಾಕಬೇಕಾಯ್ತು. ಧೂಳು ತೆಗೆಯಬೇಕು ಅಂದರೆ ಮೊದಲು ಕಾರ್ಡ್ ಕಿತ್ತು ಪಕ್ಕಕ್ಕಿಡಬೇಕು. ಯಾರು ಮಾಡ್ತಾರೆ ಪ್ರತಿ ಸಲ? ಒಂದು ಎಕ್ಸ್‌ಟೆನ್ಷನ್ ಕೇಬಲ್ ತಂದು ಹಾಕಿದೆ, ಕೆಲಸ ಆಯ್ತು, ಆದರೆ ಹಿಂದುಗಡೆ ಇನ್ನೊಂದು ದಪ್ಪ ಗಂಟು ಬಂದು ಬಾಗಿಲು ಮುಚ್ಚಲಿಲ್ಲ.

ಆಮೇಲೆ ಹಾಕಿದ್ದು ಸೆಮಿ ಮಾಡ್ಯುಲರ್. ಇದರಲ್ಲಿ ಬೋರ್ಡಿಗೆ ಹೋಗುವ ಮುಖ್ಯ 24 ಪಿನ್ ಕೇಬಲ್ ಮತ್ತು ಸಿಪಿಯು ಕೇಬಲ್ ಸಾಮಾನ್ಯವಾಗಿ ಅಂಟಿಕೊಂಡೇ ಇರುತ್ತವೆ. ಅವು ಹೇಗೂ ಬೇಕೇ ಬೇಕಲ್ವಾ? ಉಳಿದದ್ದನ್ನು ಬೇಕಾದಷ್ಟೇ ಚುಚ್ಚಿಕೊಳ್ಳಬಹುದು. ಅದರ ಜೊತೆ ಕ್ಯಾಬಿನೆಟ್ಟೂ ಬದಲಾಯಿಸಿದೆ, ನಿಜ ಹೇಳಬೇಕೆಂದರೆ ಅರ್ಧ ಪುಣ್ಯ ಕ್ಯಾಬಿನೆಟ್ಟಿನದೇ. ಬೋರ್ಡ್ ಹಿಂದಿನ ತಗಡಿಗೂ ಬಾಗಿಲಿಗೂ ನಡುವೆ 25 ಮಿಲಿಮೀಟರ್ ಜಾಗ, ಮೇಲ್ಮೂಲೆಯಲ್ಲಿ ಪ್ಲಗ್ ತೂರುವಷ್ಟು ದೊಡ್ಡ ತೂತು, ಕಟ್ಟೋಕೆ ಅಲ್ಲಲ್ಲಿ ಕೊಕ್ಕೆ. ಕೊಳ್ಳುವಾಗ ಆರ್‌ಜಿಬಿ ಲೈಟ್ ಎಷ್ಟಿದೆ ಅಂತ ಎಣಿಸಬೇಡಿ, ಹಿಂದಿನ ಬಾಗಿಲು ಬಿಚ್ಚಿಸಿ ಬೆರಳು ಹಾಕಿ ನೋಡಿ. ಇನ್ನೊಂದು, ಪ್ಲಾಸ್ಟಿಕ್ ಟೈ ಬೇಡ, ವೆಲ್ಕ್ರೋ ಪಟ್ಟಿ ತನ್ನಿ. ಟೈ ಪ್ರತಿ ಸಲ ಕತ್ತರಿಸಬೇಕು, ಕತ್ತರಿ ವೈರಿಗೂ ತಾಗುತ್ತದೆ.

ಎಲ್ಲ ಕೇಬಲ್ಲೂ ಬಿಚ್ಚಬಹುದಾದ ಫುಲ್ ಮಾಡ್ಯುಲರ್‌ಗೆ ಜಾಸ್ತಿ ದುಡ್ಡು ಕೊಡಬೇಕಾ? ಪುಟ್ಟ ಕ್ಯಾಬಿನೆಟ್ ಇದ್ದರೆ, ಅಥವಾ ಎಸ್‌ಎಂಪಿಎಸ್ ಮಾತ್ರ ಆಗಾಗ ಹೊರಗೆ ತೆಗೆಯೋರಾದರೆ ಕೊಡಿ, ಇಲ್ಲದಿದ್ದರೆ ಬೇಡ. ಎರಡರಲ್ಲೂ ಒಂದು ಎಚ್ಚರಿಕೆ: ಬಿಚ್ಚಿಟ್ಟ ಕೇಬಲ್‌ಗಳನ್ನು ಅದೇ ಡಬ್ಬಿಯಲ್ಲಿ, ಹೆಸರು ಬರೆದು ಇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಒಂದೇ ನಿಯಮ ಇಲ್ಲ. ಬೇರೆ ಕಂಪನಿಯ ಕೇಬಲ್ ಸಲೀಸಾಗಿ ಕೂರಬಹುದು, ಆದರೆ 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋದರೆ ಹಾರ್ಡ್ ಡಿಸ್ಕ್ ಸುಟ್ಟಿತು ಅಂತಲೇ ಲೆಕ್ಕ. ಕ್ಲೈಂಟ್ ಮದುವೆ ಅದರಲ್ಲೇ ಇದ್ದರೆ?

ಮೂರನೆಯದು ಬೆಟಗೇರಿಯ ಕಾಕಾನ ಮಗನ ಗೇಮಿಂಗ್ ಪಿಸಿ. ಅವನಿಗೆ ಬೇಕಾದ್ದು ಪ್ಲಗ್‌ಗಳೆಲ್ಲ ಬೋರ್ಡಿನ ಹಿಂಬದಿಗೆ ಇರುವ ಹೊಸ ಥರ. ಏಸಸ್ ಇದನ್ನು ಬಿಟಿಎಫ್ ಅನ್ನುತ್ತದೆ, ಎಂಎಸ್‌ಐ ಪ್ರಾಜೆಕ್ಟ್ ಝೀರೋ ಅನ್ನುತ್ತದೆ. ನಾನೇ ಕೂಡಿಸಿ ಕೊಟ್ಟೆ. ಮುಂದಿನಿಂದ ನೋಡಿದರೆ ಒಂದು ವೈರು ಕಾಣಲ್ಲ, ಬ್ಲೋವರ್ ಒಂದು ಸಲ ಆಡಿಸಿದರೆ ಮುಂಭಾಗ ಲಕಲಕ.  ಖುಷಿ ಆಯ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಆ ಪ್ಲಗ್‌ಗಳಿಗೆ ಸರಿಹೊಂದುವ ತೂತು ಕ್ಯಾಬಿನೆಟ್ಟಿನಲ್ಲೇ ಇರಬೇಕು. ಬೋರ್ಡ್ ಕೈಕೊಟ್ಟರೆ ಅದೇ ಥರದ್ದೇ ಹುಡುಕಬೇಕು, ಅದು ಹುಬ್ಬಳ್ಳಿ ಅಂಗಡಿಗಳಲ್ಲಿ ಕೇಳಿದ ದಿನ ಸಿಗಲ್ಲ, ಆರ್ಡರ್ ಕೊಟ್ಟು ಕಾಯಬೇಕು. ಕಾದು ಆಡುವ ಹುಡುಗನಿಗೆ ನಡೆಯುತ್ತದೆ. ಮದುವೆ ಸೀಸನ್‌ನಲ್ಲಿ ನನಗೆ ನಡೆಯಲ್ಲ. ಧೂಳಿನ ವಿಷಯದಲ್ಲೂ ಪೂರ್ತಿ ಗೆಲುವಲ್ಲ, ಗಂಟು ಮುಂದಿನಿಂದ ಹಿಂದಕ್ಕೆ ಹೋಗಿದೆ ಅಷ್ಟೇ, ಹಿಂದಿನ ಬಾಗಿಲೂ ತೆಗೆದು ಊದಬೇಕು.

ಗ್ರಾಫಿಕ್ಸ್ ಕಾರ್ಡಿನ ಪವರ್ ಪ್ಲಗ್ 16 ಪಿನ್ನಿನದಾದರೆ ಯಾವ ಥರ ಆಯ್ದುಕೊಂಡರೂ ಪ್ಲಗ್ಗಿನ ಹತ್ತಿರ ಜಾಗ ನೋಡಿಕೊಳ್ಳಿ. ಅದರಲ್ಲಿ 600 ವ್ಯಾಟ್ ತನಕ ಹೋಗಬಹುದು, ಅಂದರೆ 50 ಆಂಪಿಯರ್. 2022ರಲ್ಲಿ ಇಂಥ ಕೆಲವು ಪ್ಲಗ್ ಬಿಸಿಯಾಗಿ ಕರಗಿದವು, ಅವುಗಳಲ್ಲಿ ಹಲವು ಪೂರ್ತಿ ಒಳಗೆ ಕೂತಿರಲಿಲ್ಲ. ಆಮೇಲೆ ಬಂದ 12ವಿ-2x6 ಸಾಕೆಟ್‌ನಲ್ಲಿ ಸೆನ್ಸ್ ಪಿನ್ (ಎಷ್ಟು ಪವರ್ ಎಳೆಯಬಹುದು ಅಂತ ಕಾರ್ಡಿಗೆ ಹೇಳುವ ಸಣ್ಣ ಪಿನ್) ಗಿಡ್ಡ ಮಾಡಿದ್ದಾರೆ, ಪ್ಲಗ್ ಸಡಿಲ ಇದ್ದರೆ ಕಾರ್ಡಿಗೆ ಗೊತ್ತಾಗಲಿ ಅಂತ. ಪ್ಲಗ್ಗಿನಿಂದ 35 ಮಿಲಿಮೀಟರ್ ತನಕ ಕೇಬಲ್ ನೆಟ್ಟಗೆ ಇರಲಿ, ಆಮೇಲೆ ಬಗ್ಗಿಸಿ. ಗ್ಲಾಸ್ ಬಾಗಿಲು ಅದನ್ನು ಒತ್ತುತ್ತಿದ್ದರೆ ಆ ಕ್ಯಾಬಿನೆಟ್ ಆ ಕಾರ್ಡಿಗೆ ಅಲ್ಲ.

ನನ್ನ ಪಿಸಿಯಲ್ಲಿ ಸೆಮಿ ಮಾಡ್ಯುಲರ್ರೇ ಇದೆ, ಸದ್ಯ ಬದಲಾಯಿಸಲ್ಲ. ಸಾದಾ ಎಸ್‌ಎಂಪಿಎಸ್ಸೇ ಸಾಕು ಅನ್ನೋರು ಕೊಳ್ಳುವ ಮೊದಲು ಸಿಪಿಯು ಕೇಬಲ್ ಉದ್ದ ಕೇಳಿ, 65 ಸೆಂಟಿಮೀಟರ್ ಇದ್ದರೆ ನಮ್ಮಂಥ ಸಾಧಾರಣ ಕ್ಯಾಬಿನೆಟ್ಟಿಗೆ ಹಿಂದಿನಿಂದ ಸುತ್ತಿ ಬರುತ್ತದೆ. ಅದನ್ನು ತೂರಿಸಿಟ್ಟುಕೊಂಡೇ ಬೋರ್ಡಿನ ಸ್ಕ್ರೂ ಬಿಗಿ ಮಾಡಿ, ಆಮೇಲೆ ಆ ಮೂಲೆಗೆ ಕೈ ಹೋಗಲ್ಲ.