ಗಿಡಗಳ ಅಕ್ವೇರಿಯಂಗೆ ಚೀಲದ ಮಣ್ಣು: ಒಂದು ವರ್ಷದ ಬಳಕೆಯ ನಂತರ

ಅಕ್ವಾ ಸಾಯಿಲ್ ಎಂಬ ಹೆಸರಿನಲ್ಲಿ ಚೀಲದಲ್ಲಿ ಬರುವ ಸಿದ್ಧ ಮಣ್ಣನ್ನು 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಒಂದು ವರ್ಷ ಬಳಸಿದ್ದೇನೆ. ಅದಕ್ಕೂ ಮೊದಲು ತೋಟದ ಮಣ್ಣನ್ನೇ ಜರಡಿ ಹಿಡಿದು, ನೆನೆಸಿ, ತೇಲಿಬಂದ ಕಸವನ್ನು ಬಸಿದು, ಒಣಗಿಸಿ, ಮತ್ತೆ ನೆನೆಸಿ, ಹೀಗೆ ನಾಲ್ಕೈದು ಬಾರಿ ಹದಮಾಡಿ ಮೇಲೆ ಮರಳು ಹರಡುತ್ತಿದ್ದ ನನಗೆ, ಚೀಲ ಕತ್ತರಿಸಿ ಸುರಿದರೆ ಸಾಕು ಎಂಬುದೇ ದೊಡ್ಡ ಆಕರ್ಷಣೆಯಾಗಿತ್ತು.

ಹದವಾಗಿ ಸುಟ್ಟ ಜೇಡಿಮಣ್ಣಿನ ಸಣ್ಣ ಹರಳುಗಳಿವು. ಮುಂಭಾಗದಲ್ಲಿ 3, ಹಿಂಭಾಗದಲ್ಲಿ 7 ಸೆಂ.ಮೀ. ಎತ್ತರಕ್ಕೆ ಇಳಿಜಾರಾಗಿ ಹರಡಲು 9 ಲೀಟರ್ ಸರಿಹೋಯಿತು. ತೊಳೆದರೆ ಹರಳು ಒಡೆಯುವುದರಿಂದ ಹಾಗೆಯೇ ಸುರಿದು, ಮೇಲೊಂದು ತಟ್ಟೆಯಿಟ್ಟು ಅದರ ಮೇಲೆ ನಿಧಾನವಾಗಿ ನೀರು ತುಂಬಿದೆ. ನೀರು ಮರುದಿನಕ್ಕೇ ತಿಳಿಯಾಯಿತು.

ಮೀನು ಬಿಡುವ ವಿಷಯದಲ್ಲಿ ಮಾತ್ರ ಚೀಲದ ಮೇಲಿನ ಸೂಚನೆಯನ್ನು ನಂಬಬಾರದು. ಒಂದು ವಾರ ಕಾದರೆ ಸಾಕೆಂದು ಅದರಲ್ಲಿ ಬರೆದಿತ್ತು. ನನ್ನ ಪರೀಕ್ಷಾ ಕಿಟ್ ಐದನೆಯ ವಾರದವರೆಗೂ ಮೀನಿಗೆ ವಿಷವಾಗುವ ಅಮೋನಿಯಾವನ್ನೋ ನೈಟ್ರೈಟನ್ನೋ ತೋರಿಸುತ್ತಲೇ ಇತ್ತು. ಗಿಡಗಳಿಗೆ ಗೊಬ್ಬರವಾಗುವ ಸಾರಜನಕವೇ ಮೊದಲ ವಾರಗಳಲ್ಲಿ ಅಮೋನಿಯಾ ಆಗಿ ನೀರಿಗೆ ಇಳಿಯುತ್ತದೆ. ಈ ಮಣ್ಣು ಪಿಎಚ್ ಅನ್ನು 6.5ರ ಆಸುಪಾಸಿಗೆ ಇಳಿಸುವುದರಿಂದ ಅದರ ಬಹುಪಾಲು ಕಡಿಮೆ ವಿಷಕಾರಿಯಾದ ಅಮೋನಿಯಂ ರೂಪದಲ್ಲಿರುತ್ತದೆಂಬುದು ನಿಜ, ಆದರೆ ಅದೇ ಆಮ್ಲೀಯತೆ ಅದನ್ನು ನೈಟ್ರೇಟ್ ಮಾಡಬೇಕಾದ ಬ್ಯಾಕ್ಟೀರಿಯಾಗಳನ್ನೂ ನಿಧಾನಗೊಳಿಸುತ್ತದೆ. ಆ ಅವಧಿಯಲ್ಲಿ ಎರಡು ದಿನಕ್ಕೊಮ್ಮೆ ಅರ್ಧದಷ್ಟು ನೀರು ಬದಲಿಸಿದೆ. ಬೇಗ ಬೆಳೆಯುವ ಕಾಂಡದ ಗಿಡಗಳನ್ನು ಮೊದಲೇ ಒತ್ತಾಗಿ ನೆಟ್ಟಿದ್ದರಿಂದ ಪಾಚಿ ಹದ್ದುಮೀರಲಿಲ್ಲ.

ಬೇರಿನಿಂದ ಉಣ್ಣುವ ಗಿಡಗಳಿಗೆ ಇದು ನಿಜಕ್ಕೂ ಒಳ್ಳೆಯ ಮಣ್ಣು. ಕ್ರಿಪ್ಟೊಕೊರೈನ್ ಎಲೆಗಳೆಲ್ಲ ಮೊದಲು ಕರಗಿಹೋದವು (ಜಾಗ ಬದಲಾದಾಗ ಅದು ಹಾಗೇ ಮಾಡುತ್ತದೆ, ಗಾಬರಿಯಾಗಿ ಕಿತ್ತೆಸೆಯಬಾರದು). ಮೂರನೆಯ ತಿಂಗಳಿಗೆ ಹಳೆಯ ಮರಳಿನಲ್ಲಿ ಎಂದೂ ಕಾಣದಷ್ಟು ದಟ್ಟವಾದವು. ಕಲ್ಲಿಗೋ ಕೊರಡಿಗೋ ಕಟ್ಟುವ ಅನುಬಿಯಾಸ್, ಜಾವಾ ಫರ್ನ್‌ಗಳನ್ನಷ್ಟೇ ಬೆಳೆಸುವವರಿಗೆ ಇದು ದಂಡ.

ಗಡಸು ನೀರಿದ್ದವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಪಿಎಚ್ ಇಳಿಯದಂತೆ ತಡೆಯುವ, ನೀರಿನ ಕಾರ್ಬೊನೇಟ್ ಗಡಸುತನವನ್ನು ಹೀರಿಯೇ ಈ ಮಣ್ಣು ಪಿಎಚ್ ಇಳಿಸುವುದು. ಪ್ರತಿ ಸಲ ಗಡಸು ನೀರು ಹಾಕುತ್ತಿದ್ದರೆ ಆ ಶಕ್ತಿ ಬೇಗ ಮುಗಿಯುತ್ತದೆ. ನನ್ನ ತೊಟ್ಟಿಯಲ್ಲಿ ಎಂಟನೆಯ ತಿಂಗಳಿಗೆ ಪಿಎಚ್ ಮೊದಲಿನ ಮಟ್ಟಕ್ಕೇ ಮರಳಿತು. ಗಪ್ಪಿ, ಮೊಲ್ಲಿಯಂತಹ ಗಡಸು ನೀರಿನ ಮೀನು ಸಾಕುವವರಿಗಂತೂ ತೋಟದ ಮಣ್ಣು ಮತ್ತು ಮರಳೇ ವಾಸಿ.

ಪೋಷಕಾಂಶವೂ ಈಗ ಇಳಿಮುಖವಾಗಿದ್ದು, ಬೇರಿನ ಬುಡಕ್ಕೆ ಗೊಬ್ಬರದ ಗುಳಿಗೆ ತೂರಿಸುತ್ತಿದ್ದೇನೆ. ಹರಳುಗಳು ಬೆರಳಲ್ಲಿ ಒತ್ತಿದರೆ ಕೆಸರಾಗುವಷ್ಟು ಮೆತ್ತಗಾಗಿವೆ. ಹಳೆಯ ಗಿಡವನ್ನು ತೆಗೆಯುವುದಾದರೆ ಬುಡದಲ್ಲೇ ಕತ್ತರಿಸಿ ಬೇರನ್ನು ಅಲ್ಲೇ ಬಿಡುವುದು ಲೇಸು. ಎಳೆದರೆ ತೊಟ್ಟಿ ಸಂಜೆಯವರೆಗೂ ತಿಳಿಯಾಗುವುದಿಲ್ಲ.