ಆಸ್ಕರ್ ಜೊತೆ ಯಾರನ್ನು ಬಿಡಬಹುದು? ನಾನು ಬಿಟ್ಟು ನೋಡಿದ್ದು

ನಮ್ಮ ಮನೆಯ ಟೈಗರ್ ಆಸ್ಕರ್ ಮೀನಿಗೆ ಹುಲಿಯ ಅಂತ ಹೆಸರು. ತಂದಾಗ ಬೆಂಕಿಪೊಟ್ಟಣದಷ್ಟಿದ್ದ. ವರ್ಷ ತುಂಬುವಷ್ಟರಲ್ಲಿ ಹತ್ತು ಇಂಚಾದ. ನನ್ನ ಹೆಂಡತಿ ಅಡುಗೆಮನೆಯಿಂದ ಹೊರಬಂದರೆ ಸಾಕು, ಗಾಜಿಗೆ ಮೂತಿ ಒತ್ತಿ ಬಾಲ ಆಡಿಸುತ್ತಾನೆ. ನಾನು ಟ್ಯಾಂಕಿನೊಳಗೆ ಕೈ ಇಟ್ಟರೆ ಬೆರಳು ಕಚ್ಚುತ್ತಾನೆ. ಟ್ಯಾಂಕು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಅಂದರೆ ಸುಮಾರು 340 ಲೀಟರ್. ಅಷ್ಟು ನೀರಲ್ಲಿ ಅವನೊಬ್ಬನೇ ಓಡಾಡೋದು ನೋಡಿ ನಮಗೆ ಬೇಜಾರಾಯ್ತು. ಅವನಿಗೂ ಆಗಿತ್ತಾ ಅಂತ ನಾವು ಕೇಳಲಿಲ್ಲ!

ಮೊದಲು ಅವನಿನ್ನೂ ಆರು ಇಂಚು ಇದ್ದಾಗ ಆರು ಟೈಗರ್ ಬಾರ್ಬ್ ತಂದೆ. 'ಇವೂ ಜಗಳಗಂಟ ಮೀನೇ ಸಾರ್, ನಿಭಾಯಿಸ್ತವೆ' ಅಂದಿದ್ದರು ಅಂಗಡಿಯಲ್ಲಿ. ನಾಲ್ಕನೇ ದಿನ ಬೆಳಿಗ್ಗೆ ಒಂದೂ ಇರಲಿಲ್ಲ. ಆಸ್ಕರ್ ಬಾಯಿಗೆ ಹಿಡಿಸುವ ಮೀನು ಆಸ್ಕರ್‌ಗೆ ಊಟ, ಅಷ್ಟೇ. ಅದರ ಬಗ್ಗೆ ಇನ್ನು ಹೇಳೋದೇನೂ ಇಲ್ಲ.

ಎರಡನೇ ಸಲ ಬುದ್ಧಿ ಉಪಯೋಗಿಸಿದೆ ಅಂದುಕೊಂಡೆ. ಜೋರಿನವನಿಗೆ ಜೋರಿನವರೇ ಸರಿ ಅಂತ ಒಂದು ಜೋಡಿ ಕಾನ್ವಿಕ್ಟ್ ಮೀನು ತಂದೆ. ಮೈಮೇಲೆ ಜೀಬ್ರಾದ ಹಾಗೆ ಕಪ್ಪು ಪಟ್ಟೆ, ಉದ್ದ ಮೂರು ಇಂಚು. ಹುಲಿಯ ಆಗ ಎಂಟು ಇಂಚಿದ್ದ. ಮೊದಲ ಹತ್ತು ದಿನ ಎಲ್ಲ ಸರಿ ಇತ್ತು. ಆಮೇಲೆ ಅವು ಮೂಲೆಯ ಮಣ್ಣಿನ ಕುಂಡದೊಳಗೆ ಮೊಟ್ಟೆ ಇಟ್ಟವು. ಅವತ್ತಿನಿಂದ ಅರ್ಧ ಟ್ಯಾಂಕು ಅವರದ್ದು. ಗಂಡು ಮುಂದಿನಿಂದ, ಹೆಣ್ಣು ಹಿಂದಿನಿಂದ ನುಗ್ಗಿ ಹುಲಿಯನ ರೆಕ್ಕೆ ಚಿಂದಿ ಮಾಡಿದವು. ಅವನು ಫಿಲ್ಟರ್ ಪೈಪಿನ ಹಿಂದೆ ತಲೆ ಕೆಳಗೆ ಮಾಡಿ ನಿಂತುಬಿಟ್ಟ. ಹೆಸರಿಗೆ ಹುಲಿಯ! ಮೂರನೇ ವಾರ ಕಾನ್ವಿಕ್ಟ್ ಜೋಡಿಯನ್ನು ಬೇರೆ ಟ್ಯಾಂಕಿಗೆ ಸಾಗಿಸಿದೆ. ತಪ್ಪು ಅವರದ್ದಲ್ಲ, ಮಕ್ಕಳನ್ನು ಕಾಯುತ್ತಿದ್ದರು. ಜೋಡಿ ತಂದ ನನ್ನದೇ ತಪ್ಪು.

ನಡುವೆ ಒಂದು ಸಕರ್ ಮೀನು ಕೂಡ ಇತ್ತು. 'ಟ್ಯಾಂಕ್ ಕ್ಲೀನರ್' ಅಂತ ಮಾರುತ್ತಾರಲ್ಲ, ಅದೇ. ಪಾಚಿ ತಿಂದಿದ್ದು ಚಿಕ್ಕದಿದ್ದಾಗ ಮಾತ್ರ. ಬೆಳೆದ ಮೇಲೆ ಅದು ಬಿಡುವ ಕಸ ಎತ್ತೋದೇ ನನಗೊಂದು ಕೆಲಸವಾಯ್ತು. ರಾತ್ರಿ ಲೈಟ್ ಆರಿಸಿದ ಮೇಲೆ ಹುಲಿಯನ ಪಕ್ಕೆಗೆ ಅಂಟಿಕೊಂಡು ಮೈಮೇಲಿನ ಲೋಳೆ ಕೆರೆಯುತ್ತಿತ್ತು. ಬೆಳಿಗ್ಗೆ ಅವನ ಮೈಯಲ್ಲಿ ಬಿಳಿ ಕಲೆ. ಚಿಕ್ಕ ಸಕರ್ ಹಾಕಿದರೆ ಇನ್ನೂ ಕಷ್ಟ. ಆಸ್ಕರ್ ಅದನ್ನು ನುಂಗಲು ಹೋದರೆ ಅದರ ಮುಳ್ಳು ಬಿಚ್ಚಿಕೊಂಡು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಆಗ ಎರಡೂ ಸಾಯಬಹುದು. ಬೇಡವಾದರೆ ದಯವಿಟ್ಟು ಕೆರೆಗೆ ಬಿಡಬೇಡಿ. ದಕ್ಷಿಣ ಅಮೆರಿಕದ ಈ ಮೀನು ಆಗಲೇ ನಮ್ಮ ದೇಶದ ಎಷ್ಟೋ ಕೆರೆ, ನದಿ ಸೇರಿಕೊಂಡಿದೆ. ನನ್ನದನ್ನು ಅಂಗಡಿಗೇ ವಾಪಸ್ ಕೊಟ್ಟೆ. ದುಡ್ಡು ಕೇಳಲಿಲ್ಲ.

ಕೊನೆಗೆ ಉಳಿದ ನಿಜವಾದ ಪೈಪೋಟಿ ಎರಡು ಮೀನುಗಳದ್ದು: ಬ್ಲಡ್ ಪ್ಯಾರಟ್ ಮತ್ತು ಸಿಲ್ವರ್ ಡಾಲರ್. ಎರಡನ್ನೂ ಆರಾರು ತಿಂಗಳು ಇಟ್ಟು ನೋಡಿದೆ.

ಪ್ಯಾರಟ್ ನೋಡೋಕೆ ಚೆಂದ, ಕಿತ್ತಳೆ ಬಣ್ಣ, ಗುಂಡಗಿನ ಮೈ. ತೈವಾನ್‌ನಲ್ಲಿ ಬೇರೆ ಬೇರೆ ಸಿಕ್ಲಿಡ್‌ಗಳನ್ನು (ಆಸ್ಕರ್, ಕಾನ್ವಿಕ್ಟ್ ಎಲ್ಲ ಸೇರಿದ ಮೀನಿನ ಕುಟುಂಬ) ಕೂಡಿಸಿ ಮಾಡಿದ ಮಿಶ್ರತಳಿ. ಬಾಯಿ ಪೂರ್ತಿ ಮುಚ್ಚೋದಿಲ್ಲ, ಹಾಗಾಗಿ ಕಚ್ಚಿ ಗಾಯ ಮಾಡೋ ಶಕ್ತಿ ಕಡಿಮೆ. ಇದು ಒಳ್ಳೇದೇ ಅಲ್ವಾ ಅಂತ ನನಗೂ ಅನಿಸಿತ್ತು. ಆದರೆ ಮನಸ್ಸು ಮಾತ್ರ ಸಿಕ್ಲಿಡ್‌ದೇ. ನಾನು ತಂದ ಮೂರಕ್ಕೂ ಒಂದೊಂದು ಕಲ್ಲು ಬೇಕು, ಹುಲಿಯ ಅದರ ಹತ್ತಿರ ಬರಬಾರದು. ಅವನು ಬರದೆ ಇರ್ತಾನಾ? ಕಚ್ಚೋಕಾಗದವರು ಜಾಗಕ್ಕೆ ಜಗಳ ತೆಗೆದರೆ ಏನಾಗುತ್ತೋ ಅದೇ ಆಯ್ತು. ಹೆದರಿದಾಗ ಅವುಗಳ ಮೈಮೇಲೆ ಮಸಿ ಬಳಿದ ಹಾಗೆ ಕಪ್ಪು ಕಲೆ ಏಳುತ್ತದೆ. ನಮ್ಮಲ್ಲಿ ಒಂದಕ್ಕಂತೂ ಎರಡು ತಿಂಗಳು ಆ ಕಲೆ ಹೋಗಲೇ ಇಲ್ಲ. ಊಟವೂ ನಿಧಾನ. ಅದು ಒಂದು ಕಾಳು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಹುಲಿಯ ಹತ್ತು ನುಂಗಿರುತ್ತಾನೆ. ಆರು ಅಡಿ ಟ್ಯಾಂಕ್ ಇದ್ದರೆ ಪ್ಯಾರಟ್ ನಡೆಯಬಹುದು ಅಂತ ನನ್ನ ಅಂದಾಜು. ನಾಲ್ಕು ಅಡಿಗೆ ಬೇಡ.

ಸಿಲ್ವರ್ ಡಾಲರ್‌ಗೆ ಜಾಗದ ಹಟವೇ ಇಲ್ಲ. ಬೆಳ್ಳಿ ತಟ್ಟೆಯ ಹಾಗೆ ಚಪ್ಪಟೆ, ಮೈಯೇ ಅಷ್ಟು ಅಗಲ ಇರೋದ್ರಿಂದ ಆಸ್ಕರ್ ಬಾಯಿಗೆ ಸುಲಭಕ್ಕೆ ಹಿಡಿಸೋದಿಲ್ಲ. ನಾನು ತಂದಿದ್ದು ನಾಲ್ಕು ಇಂಚಿನ ಐದು. ಹುಲಿಯ ಅಟ್ಟಿಸಿಕೊಂಡು ಹೋದರೆ ಐದೂ ಒಟ್ಟಿಗೆ ಸರ್‍ರಂತ ತಿರುಗುತ್ತವೆ. ಯಾರನ್ನು ಹಿಡಿಯೋದು ಅಂತ ಅವನಿಗೇ ತಿಳಿಯೋದಿಲ್ಲ. ತಿರುಗಿ ಬೀಳೋರಿಲ್ಲ, ಕೊಡಬೇಕಾದ ಮೂಲೆ ಇಲ್ಲ, ಜಗಳ ಎರಡೇ ನಿಮಿಷಕ್ಕೆ ಸಪ್ಪೆ. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಇವು ನಡು ನೀರಲ್ಲಿ ಧೈರ್ಯವಾಗಿ ಓಡಾಡೋದು ನೋಡಿ ಅವನೂ ಮೂಲೆ ಬಿಟ್ಟು ಈಚೆ ಬಂದ.

ದೋಷ ಇಲ್ಲ ಅಂತಲ್ಲ. ಬಾಗಿಲು ಧಡ್ ಅಂದರೆ ಗಾಬರಿಯಾಗಿ ಜಿಗಿಯುತ್ತವೆ, ಮುಚ್ಚಳ ಗಟ್ಟಿ ಇರಲೇಬೇಕು. ಗಿಡ ಇಟ್ಟರೆ ಒಂದು ಎಲೆ ಬಿಡೋದಿಲ್ಲ. ಎರಡೋ ಮೂರೋ ತಂದರೆ ಹೆದರಿ ಅಡಗುತ್ತವೆ, ಕಡಿಮೆ ಅಂದರೂ ಐದು ಬೇಕು. ಕೊಳ್ಳುವಾಗ ಹೊಟ್ಟೆ ಕೆಂಪಗಿದ್ದರೆ ಅನುಮಾನ ಪಡಿ, ಅದು ಪಾಕು ಮರಿ ಇರಬಹುದು. ಮೀನು ಮಾರ್ಕೆಟ್ಟಲ್ಲಿ ರೂಪ್‌ಚಂದ್ ಅಂತ ತೂಗಿ ಕೊಡ್ತಾರಲ್ಲ, ಅದೇ. ಎರಡಡಿ ಬೆಳೆದರೆ ನಿಮ್ಮ ಹಾಲ್‌ನಲ್ಲಿ ಎಲ್ಲಿಡ್ತೀರಿ?

ಬಿಡುವ ದಿನ ನಾನು ಮಾಡಿದ್ದಿಷ್ಟು. ಹುಲಿಯನಿಗೆ ಹೊಟ್ಟೆ ತುಂಬ ಊಟ ಹಾಕಿದೆ. ಕಲ್ಲು, ಕುಂಡ ಎಲ್ಲದರ ಜಾಗ ಬದಲಿಸಿದೆ, ಅವನಿಗೂ ಅದು ಹೊಸ ಮನೆ ಅನಿಸಲಿ ಅಂತ. ಲೈಟ್ ಆರಿಸಿ ಐದನ್ನೂ ಒಟ್ಟಿಗೆ ಬಿಟ್ಟೆ. ಮೀನು ಹೆಚ್ಚಾದ್ದರಿಂದ ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುತ್ತೇನೆ. ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಹಾಕೋದು. ಇದೆಲ್ಲ ಆಗಿ ಒಂದೂವರೆ ವರ್ಷವಾಯ್ತು. ಐದಕ್ಕೆ ಐದೂ ಇವೆ. ಒಂದರ ಬಾಲ ಮಾತ್ರ ಸ್ವಲ್ಪ ಮೊಟಕು.